ಜಗಲಿಯೊಳಗಿನ ಗಟ್ಟಿಮೇಳ

ಮುನಿಶಾಮಣ್ಣ ಸ್ಪೀಕರಿನ ಎದುರು ಅಂಗಿಯ ಗುಂಡಿ ಬಿಚ್ಚಿ, ಬರಿ ಎದೆ ಒಡ್ಡಿ ನಿಲ್ಲುತ್ತಿದ್ದರು. ಇದನ್ನು ನಾನು ಕಣ್ಣಾರೆ ಕಂಡೆನೋ, ಮುಳಬಾಗಿಲಿನವರು ಅವರನ್ನು ಅಣಕಿಸುವುದನ್ನು ನೋಡಿ ನೋಡಿ ನನ್ನದೇ ನೆನಪೆಂದುಕೊಂಡೆನೋ, ಈಗ ಹೇಳಲಾರೆ. ಮಾತು ಮಾತ್ರ ಅವರದೇ: "ಸಣ್ಣ ದನಿ ಕಿವಿಗೆ, ದಪ್ಪ ದನಿ ಎದೆಗೆ ಕಣ್ರೀ ಮೇಷ್ಟ್ರೇ."

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಅಲ್ಲಿಯ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತಿದ್ದೆ. ಮುನಿಶಾಮಣ್ಣ ಪಕ್ಕದ ಮನೆಯವರು. ಮದುವೆ, ನಾಟಕಗಳಿಗೆ ಮೈಕ್ ಸೆಟ್ ಬಾಡಿಗೆಗೆ ಕೊಡುತ್ತಿದ್ದರು. ಅವರ ಹೆಂಡತಿ ಗೌರಮ್ಮನಿಗೆ ಕಿವಿ ಹೋಗುತ್ತಾ ಬಂದಿತ್ತು. ದೊಡ್ಡ ಮಗಳ ಮದುವೆಯಲ್ಲಿ ಗಟ್ಟಿಮೇಳ ಮೊಳಗಿ, ತಾಳಿ ಕಟ್ಟಿ ಮುಗಿದು, ಎಲ್ಲರ ಅಕ್ಷತೆ ನೆಲಕ್ಕೆ ಬಿದ್ದಮೇಲೂ ಆಕೆ ಅಕ್ಷತೆಯ ಮುಷ್ಟಿ ಬಿಗಿಹಿಡಿದೇ ನಿಂತಿದ್ದರಂತೆ.

"ಮರದ್ ಮೇಲೆಲ್ಲಾ ತಗಡಿನ ಹಾರನ್ ಕಟ್ಟಿ ತಾಯಲೂರಿನ ತನಕ ಕೇಳ್ಸಿದೆ. ಮನೇವಳಿಗೆ ಕೇಳ್ಸಕಾಗ್ಲಿಲ್ಲ" ಎನ್ನುತ್ತಿದ್ದರು.

ಚಿಕ್ಕ ಮಗಳಿಗೆ ಮಾಲೂರಿನ ಗಂಡು ಗೊತ್ತಾದಾಗ ಅಲ್ಲಿಂದಲೇ ಒಂದು ಲಾರಿ ಇಟ್ಟಿಗೆ ತರಿಸಿದರು. ಈ ಸಲ ಗಟ್ಟಿಮೇಳ ಗೌರಮ್ಮನ ಎದೆಗೆ ತಾಗುವಂತೆ, ಜಗಲಿಯನ್ನೇ ಪೊಳ್ಳು ಮಾಡಿ ಒಳಗೊಂದು ಹಾರನ್ ಕಟ್ಟುವುದು ಅವರ ಯೋಜನೆ. ಸ್ಪೀಕರಿನ ಹತ್ತಿರ ಇಕ್ಕಟ್ಟಾದ ಗಂಟಲು. ಅಲ್ಲಿಂದ ಹಾದಿ ಸುತ್ತಿ ಸುತ್ತಿ ಅಗಲವಾಗುತ್ತಾ ಜಗಲಿಯ ಮುಂಭಾಗದಲ್ಲಿ ದೊಡ್ಡ ಬಾಯಾಗಿ ತೆರೆಯಬೇಕು. ಹಲಗೆಯಾದರೆ ತಾನೇ ಅದುರಿ ದಪ್ಪ ದನಿಯನ್ನು ನುಂಗುತ್ತದೆ, ಇಟ್ಟಿಗೆ ಅದುರುವುದಿಲ್ಲ. ಹಾದಿಯ ಉದ್ದ ಸಾಲದೆಂದು ನಾನು ಲೆಕ್ಕ ಹಾಕಿ ಹೇಳಿದೆ. ಇನ್ನೊಂದು ತಿರುವು ಸೇರಿಸಿದರು.

ಆದರೆ ಅವರು ಸಂತೆಗೆ ಹೋದ ದಿನ ಗಾರೆ ಕೆಲಸದವನು ಬಾಯನ್ನು ದಕ್ಷಿಣದ ಚಪ್ಪರದ ಜಾಗ ಬಿಟ್ಟು ಪೂರ್ವಕ್ಕೆ ತಿರುಗಿಸಿಬಿಟ್ಟಿದ್ದ.

"ದಕ್ಷಿಣಕ್ಕೆ ಬಾಯಿ ಬಿಡಬಾರ್ದು ಸಾಮಿ, ಅದು ಯಮುಡು ಇರೋ ದಿಕ್ಕು!"

ಪೂರ್ವಕ್ಕೆ ಆಚೆ ಮನೆಯವರ ಕೊಟ್ಟಿಗೆಯಿತ್ತು. ಮೊದಲ ಪರೀಕ್ಷೆಗೇ ಎಮ್ಮೆ ಹಗ್ಗ ಕಿತ್ತುಕೊಂಡು ಕೆರೆಯತ್ತ ಓಡಿತು.

"ಲೇ, ನಾನು ಮದುವೆ ಮಾಡ್ತಿರೋದು ಎಮ್ಮೇಗೇನ್ಲಾ?" ಮುನಿಶಾಮಣ್ಣ ಹಾರೆ ತೆಗೆದುಕೊಂಡರು. "ತಿರುಗ್ಸು ಚಪ್ಪರದ ಕಡೆ. ಯಮನಿಗೂ ಕೇಳ್ಸಿದ್ರೆ ಕೇಳ್ಸಲಿ ಬಿಡು."

ಮದುವೆಯ ದಿನ ಡೋಲಿನ ಮುಂದೆ ಮೈಕ್ ಇಟ್ಟಿದ್ದರು. ಮುನಿಶಾಮಣ್ಣ ಧಾರೆ ಎರೆದವರೇ ಒದ್ದೆ ಕೈಯಲ್ಲಿ ಆಂಪ್ಲಿಫೈಯರ್ ಇದ್ದ ಒಳಕೋಣೆಗೆ ಓಡಿದರು. ಗೌರಮ್ಮ ಹಾರನ್ನಿನ ಬಾಯಿಗೆ ಬೆನ್ನು ಕೊಟ್ಟು, ಹಸೆಯ ಪಕ್ಕದಲ್ಲಿ ನಿಂತಿದ್ದರು. ಪುರೋಹಿತರು ಗಟ್ಟಿಮೇಳಕ್ಕೆ ಕೈ ಬೀಸಿದರು. ಡೋಲಿನ ಪೆಟ್ಟು ನನ್ನ ಹೊಟ್ಟೆಯೊಳಗೇ ಬಿದ್ದಂತಾಯಿತು. ಗೌರಮ್ಮ ಅಕ್ಷತೆ ಹಾಕಿದರು. ಸರಿಯಾದ ಹೊತ್ತಿಗೆ ಹಾಕಿದರೆಂದೇ ನನ್ನ ನೆನಪು. ಆದರೆ ಜನರ ಹಿಂದೆ ನಿಂತಿದ್ದ ನನಗೆ ಅದೆಷ್ಟು ಕಂಡಿರಬಹುದು?

ಕೋಣೆಯಲ್ಲಿದ್ದ ಮುನಿಶಾಮಣ್ಣನಿಗಂತೂ ಏನೂ ಕಂಡಿರಲಿಲ್ಲ. "ಕೇಳಿಸ್ತು" ಎಂದು ಗೌರಮ್ಮ ಎದೆ ಮುಟ್ಟಿಕೊಂಡು ಹೇಳಿದರು. ಮುನಿಶಾಮಣ್ಣ ನಂಬಲಿಲ್ಲ.

ಎರಡು ಮೂರು ವರ್ಷದಲ್ಲಿ ಆಕೆ ತೀರಿಕೊಂಡರು. ನನಗೆ ಕೋಲಾರಕ್ಕೆ ವರ್ಗವಾಯಿತು. ಕೊನೆಯ ಸಲ ಹೋದಾಗ ಮುನಿಶಾಮಣ್ಣ ಆ ಜಗಲಿಯ ಮೇಲೆಯೇ ಕೂತಿದ್ದರು. ಅಂಗಿಯ ಗುಂಡಿಗಳನ್ನೆಲ್ಲ ಹಾಕಿಕೊಂಡಿದ್ದರು.

"ಪಕ್ಕದೋರ ಕೈ ನೋಡ್ಕೊಂಡು ಹಾಕಿರ್ತಾಳೆ ಮೇಷ್ಟ್ರೇ. ಇಷ್ಟೆಲ್ಲಾ ಒದ್ದಾಡಿದ್ನಲ್ಲಾ, ನನ್ ಸಮಾಧಾನಕ್ಕೆ ಹಂಗಂದ್ಲು."

"ಇಲ್ಲ, ನಾನು ನೋಡಿದೆ" ಎಂದೆ.

"ನೀವೂ ಅವಳ ಕಡೆಯೋರೇ" ಎಂದು ನಕ್ಕು, ಬೀದಿಯ ಕಡೆ ಮುಖ ತಿರುಗಿಸಿದರು. ಮುಂದಿನ ಬೇಸಿಗೆಯಲ್ಲಿ ಅವರೂ ಹೋದರೆಂದು ತಿಳಿಯಿತು.

ಬಹಳ ಕಾಲದ ಮೇಲೆ ಮಾಲೂರಿನಲ್ಲಿ ಆ ಚಿಕ್ಕ ಮಗಳ ಮನೆಗೆ ಹೋಗಿದ್ದೆ. ಗಂಡಿನ ಕಡೆಯವರು ತೆಗೆಸಿದ್ದ ಮದುವೆಯ ಫೋಟೋಗಳನ್ನು ಆಕೆ ತೋರಿಸಿದಳು. ಒಂದನ್ನು ಕಿಟಕಿಯ ಬೆಳಕಿಗೆ ಹಿಡಿದು, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದೆ. ತಾಳಿ ಇನ್ನೂ ಮದುಮಗನ ಕೈಯಲ್ಲಿದೆ. ಸುತ್ತಲಿನವರ ಮುಷ್ಟಿಗಳೆಲ್ಲ ಮುಚ್ಚಿವೆ. ಗೌರಮ್ಮನ ಕಣ್ಣೂ ಮುಚ್ಚಿದೆ. ಆಕೆಯ ಕೈಯೊಂದೇ ಬಿಚ್ಚಿದೆ, ಅಕ್ಷತೆ ಗಾಳಿಯಲ್ಲಿದೆ.