ರಜಿಸ್ಟ್ರಿ ಕಚೇರಿಯಲ್ಲಿ ಹೇಳಿದ ಹೆಸರು

ಬಸವಕಲ್ಯಾಣದ ಕೋಟೆಯ ಹಿಂದಿನ ಓಣಿಯಲ್ಲಿ ಸೂಗಮ್ಮನಷ್ಟು ಪ್ರಶ್ನೆ ಕೇಳುವ ಹೆಂಗಸು ಇನ್ನೊಬ್ಬಳಿರಲಿಲ್ಲ. ಜೋಳದ ಕಟಕ ರೊಟ್ಟಿ ಬಡಿದು ಮನೆಮನೆಗೆ ಕೊಡುವುದು ಅವಳ ಕಸುಬು. ತಲೆಯ ಮೇಲಿನ ಬುಟ್ಟಿ ಇಳಿಯುವ ಮೊದಲೇ ಬಾಯಿ ತೆರೆದಿರುತ್ತಿತ್ತು. ಸೊಸೆಗೆ ದಿನ ತುಂಬಿದವೇ, ಮಗನಿಗೆ ಹೆಣ್ಣು ಗೊತ್ತಾಯಿತೇ, ಹೊಸ ಬೋರಿಗೆ ನೀರು ಬಿತ್ತೇ, ಒಂದನ್ನೂ ಬಿಡುತ್ತಿರಲಿಲ್ಲ. ಇಂಥವಳಿಗೆ ತೊಂಬತ್ತೇಳರ ಬೇಸಿಗೆಯಲ್ಲಿ ಮನೆ ಕೊಳ್ಳುವ ಯೋಗ ಬಂತು. ಅವಳಿಂದ ರೊಟ್ಟಿ ಕೊಳ್ಳುತ್ತಿದ್ದ ವಕೀಲ ಓಂಪ್ರಕಾಶರ ಪಾಡು ಏನಾಗಿರಬೇಡ!

ಮನೆ ಹೊಸದೇನಲ್ಲ. ಮದುವೆಯಾಗಿ ಬಂದಂದಿನಿಂದ ಅವಳು ಬಾಡಿಗೆಗಿದ್ದದ್ದೇ. ಮುಂದಿನ ಖೋಲಿಯಲ್ಲಿ ಒಡತಿ ಸರ್ದಾರಬಿ, ಹಿಂದಿನ ಖೋಲಿಯಲ್ಲಿ ಸೂಗಮ್ಮ ಮತ್ತು ಅವಳ ಗಂಡ ಸೂರ್ಯಕಾಂತ. ಅವನು ಹಳ್ಳಿಖೇಡದ ಸಕ್ಕರೆ ಕಾರ್ಖಾನೆಗೆ ಕಬ್ಬಿನ ಟ್ರ್ಯಾಕ್ಟರ್ ಹೊಡೆಯುತ್ತಿದ್ದ. ಮಾತು ಕಡಿಮೆ, ನಗು ಹೆಚ್ಚು. ರಮಜಾನಿನ ಶೀರ್‌ಖುರ್ಮಾ ಹಿಂದಕ್ಕೆ ಹೋಗುತ್ತಿತ್ತು, ಪಂಚಮಿಯ ಉಂಡಿ ಮುಂದಕ್ಕೆ ಬರುತ್ತಿತ್ತು. ಎಷ್ಟು ಚೆಂದದ ದಿನಗಳವು ಎಂದು ಸೂಗಮ್ಮ ಇಂದಿಗೂ ಹೇಳುತ್ತಾಳೆ.

ಸರ್ದಾರಬಿಗೆ ಮೊಣಕಾಲು ಸೋತು, ಹುಮನಾಬಾದಿನ ಮಗಳು ಅಸ್ಗರಿಯ ಮನೆಗೆ ಹೋಗಿ ಇರುವುದೆಂದಾಯಿತು. ಅಳಿಯ ಸಲಾವುದ್ದೀನ್ ಆಗಲೇ ಗೋದಾಮು ಕಟ್ಟಿಸಲು ಜಾಗ ಹುಡುಕುತ್ತಿದ್ದ ವ್ಯಾಪಾರಿಯೊಬ್ಬನನ್ನು ಹಿಡಿದು ತಂದಿದ್ದ. ಮುದುಕಿ ಪಟ್ಟು ಹಿಡಿದಳು.

"ಗೋದಾಮಿಗಿ ಕೊಟ್ರ ಇಲ್ಲಿ ಸಂಜಿಗಿ ದೀಪ ಯಾರು ಹಚ್ಚತಾರ? ನಾ ಕೊಡೋದು ಸೂಗಮ್ಮಗೇ. ಅದೂ ಆಕಿ ಹೆಸರಿಗೇ ಆಗಬೇಕು, ಆಕಿ ಗಂಡನ ಹೆಸರಿಗಲ್ಲ."

ಸೂರ್ಯಕಾಂತ ನಕ್ಕು ಒಪ್ಪಿದ. ಸೂಗಮ್ಮ ಮಾತ್ರ ಅಷ್ಟಕ್ಕೇ ಬಿಡುವವಳೇ? ಮರುದಿನ ರೊಟ್ಟಿಯ ಬುಟ್ಟಿಯ ಜೊತೆ ವಕೀಲರ ಪಡಸಾಲೆಯಲ್ಲಿ ಕುಕ್ಕರಿಸಿದಳು.

"ಬಾಂಡಿನ ಮ್ಯಾಲ ಬರಸ್ಕೊಂಡ್ರ ಸಾಕಲ್ರಿ ವಕೀಲ್ ಸಾಬ್ರ?"

"ಸಾಲಂಗಿಲ್ಲವ್ವ. ಬಾಂಡ್ ಅಂದ್ರ ಕೊಡ್ತೀನಿ ಅಂದ ಮಾತು ಅಷ್ಟ. ರಜಿಸ್ಟ್ರಿ ಆದ್ರೇ ಮನಿ ನಿಂದು."

"ಅಸ್ಗರಿನೂ ಸಹಿ ಮಾಡಬೇಕೇನ್ರಿ?"

"ಮಾಡಲೇಬೇಕು. ಮನಿ ಆಕಿ ಅಪ್ಪಂದು. ಆತ ಹೋದ ಮ್ಯಾಲ ಮಗಳಿಗೂ ಪಾಲು ಬಂದದ."

"ಮನಿ ಮ್ಯಾಲ ಯಾರದರ ಸಾಲ ಇದ್ರ ನಮಗ ಹ್ಯಾಂಗ ತಿಳಿತದ್ರಿ? ರಜಿಸ್ಟ್ರಿ ಆದ್ರ ಪುರಸಭೆದಾಗ ಹೆಸರು ತಾನೇ ಬದಲಿ ಆಗತದೇನ್ರಿ?"

ಸಾಲ ತಿಳಿಯಲು ಋಣಭಾರ ಪತ್ರ ತೆಗೆಸಬೇಕು, ಪುರಸಭೆಗೆ ಬೇರೆ ಅರ್ಜಿ ಕೊಡಬೇಕು ಎಂದು ವಕೀಲರು ಸಮಾಧಾನದಿಂದಲೇ ಹೇಳಿದರು. ಹೀಗೆ ವಾರಗಟ್ಟಲೆ ನಡೆಯಿತು. ಕೊನೆಗೆ ಅವರು ಕೈಮುಗಿದು, "ತಾಯಿ, ಪರೀಕ್ಷಾದಾಗೂ ನನಗ ಯಾರೂ ಇಷ್ಟು ಕೇಳಿರಲಿಲ್ಲ" ಅಂದರು.

ಅಂತೂ ರಜಿಸ್ಟ್ರಿಯ ದಿನ ಬಂತು. ಸಲಾವುದ್ದೀನ್ ಅರೆಮನಸ್ಸಿನಿಂದ ಹೆಂಡತಿಯನ್ನೂ ಅತ್ತೆಯನ್ನೂ ಹುಮನಾಬಾದಿನ ಬಸ್ಸಿನಲ್ಲಿ ಕರೆತಂದಿದ್ದ. "ಇವತ್ತ ಆದ್ರ ಆಯ್ತು. ಇಲ್ಲಂದ್ರ ನಾ ವ್ಯಾಪಾರಿಗಿ ಮಾತು ಕೊಡಾವ," ಎಂದು ಕಚೇರಿಯ ಬಾಗಿಲಲ್ಲೇ ಹೇಳಿ ನಿಂತ. ಸರ್ದಾರಬಿ ಹೆಬ್ಬೆಟ್ಟು ಒತ್ತಿದಳು, ಅಸ್ಗರಿ ಸಹಿ ಮಾಡಿದಳು. ಅಷ್ಟರಲ್ಲಿ ರಜಿಸ್ಟ್ರಿ ಸಾಹೇಬರು ಸೂಗಮ್ಮನ ರೇಶನ್ ಕಾರ್ಡನ್ನೂ ಓಟಿನ ಗುರುತು ಚೀಟಿಯನ್ನೂ ಪಕ್ಕಪಕ್ಕ ಇಟ್ಟುಕೊಂಡು ಹುಬ್ಬು ಗಂಟಿಕ್ಕಿದರು. ಒಂದರಲ್ಲಿ ಗಂಡ ಚಂದ್ರಕಾಂತ, ಇನ್ನೊಂದರಲ್ಲಿ ಸೂರ್ಯಕಾಂತ.

ತಪ್ಪು ಸೂಗಮ್ಮನದೇ. ಹಿಂದೊಮ್ಮೆ ರೇಶನ್ನಿಗೆ ಹೆಸರು ಬರೆದುಕೊಳ್ಳಲು ಒಬ್ಬ ಮುಸ್ಸಂಜೆ ಬಂದಿದ್ದ. ಮನೆಯಲ್ಲಿ ಅವಳೊಬ್ಬಳೇ. ಗಂಡನ ಹೆಸರು ಕೇಳಿದರೆ ಹೇಳುವುದುಂಟೇ? ಹೆಸರು ಹಿಡಿದರೆ ಗಂಡನ ಆಯುಷ್ಯ ಕಮ್ಮಿಯಾಗುತ್ತದೆ ಎಂದು ನಾರಾಯಣಪುರದ ಅವಳ ತಾಯಿ ಹೇಳಿಕೊಟ್ಟಿದ್ದಳು. ಮದುವೆಯಲ್ಲಿ ಪದ್ಯದಂತೆ ಒಡಪು ಕಟ್ಟಿ ಒಮ್ಮೆ ಹೇಳಿದ್ದು ಬೇರೆ; ಒಡಪಿಗೆ ದೋಷವಿಲ್ಲ. ಅವಳು ಆಕಾಶದ ಕಡೆ ಕೈ ತೋರಿಸಿ, "ಮ್ಯಾಲ ಬರ್ತಾನಲ್ರಿ, ಬೆಳಕ ಕೊಡಾವ, ಅವನ ಹೆಸರೇ ನೋಡ್ರಿ" ಅಂದಳು. ಅಂದು ಹುಣ್ಣಿಮೆ. ಪುಣ್ಯಾತ್ಮ ತಲೆಯೆತ್ತಿ ನೋಡಿ ಚಂದ್ರಕಾಂತ ಎಂದು ಬರೆದುಕೊಂಡು ಹೋದ. ಅಂದಿನಿಂದ ಸೂರ್ಯಕಾಂತ, "ಇಕಿಗಿ ರೇಶನ್ ತರೋ ಗಂಡ ಬ್ಯಾರೆ, ಓಟು ಹಾಕೋ ಗಂಡ ಬ್ಯಾರೆ" ಎಂದು ಎಲ್ಲರೆದುರು ಚೇಷ್ಟೆ ಮಾಡುತ್ತಿದ್ದ. ತಿದ್ದಿಸಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲ.

"ಬಾಯಿ, ನಿನ್ನ ಗಂಡನ ಹೆಸರೇನು?" ಸಾಹೇಬರು ಕೇಳಿದರು.

ಊರಿಗೆಲ್ಲ ಪ್ರಶ್ನೆ ಕೇಳುವವಳು ಆ ಒಂದು ಪ್ರಶ್ನೆಗೆ ಸೆರಗು ಬಾಯಿಗೆ ಒತ್ತಿಕೊಂಡು ಕುಳಿತಳು. ಬಾಗಿಲ ಬಳಿಯಿದ್ದ ಗಂಡನ ಕಡೆ ಕೈ ತೋರಿಸಿದಳು.

"ನಾನೇ ಹೇಳತೀನ್ರಿ ಸಾಹೇಬ್ರ," ಎಂದು ಸೂರ್ಯಕಾಂತ ಮುಂದೆ ಬಂದ.

"ನೀ ಸುಮ್ಮಿರು. ಮನಿ ತಗೊಳ್ಳಾಕಿ ಆಕಿ. ನಾಳಿ ಇನ್ನೊಬ್ಬ ಬಂದು ನಾನೇ ಚಂದ್ರಕಾಂತ ಅಂದ್ರ ನಾ ಏನು ಮಾಡ್ಲಿ? ಆಕಿ ಬಾಯಿಲೇ ಬರಬೇಕು. ಇಲ್ಲಂದ್ರ ಕಾರ್ಡ್ ತಿದ್ದಿಸ್ಕೊಂಡು ಆಮ್ಯಾಲ ಬರ್ರಿ."

ಆಮೇಲೆ ಅಂದರೆ ಮನೆ ಗೋದಾಮಿನ ಪಾಲು. ಸೂಗಮ್ಮನ ಕಣ್ಣಲ್ಲಿ ನೀರು ತುಂಬಿತು. ಒಂದು ಕಡೆ ಅವಳು ದಿನವೂ ಸಾರಿಸಿದ ಅಂಗಳ, ಇನ್ನೊಂದು ಕಡೆ ಇವನ ಜೀವ. ಅವಳು ಎದ್ದೇ ನಿಂತಳು.

"ಹಂಗಾದ್ರ ನನಗ ಮನಿ ಬ್ಯಾಡ್ರಿ."

ಸರ್ದಾರಬಿ ಅವಳ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ಸೂರ್ಯಕಾಂತ ಹತ್ತಿರ ಬಂದು ದನಿ ತಗ್ಗಿಸಿ ಹೇಳಿದ: "ಹುಚ್ಚಿ, ಟ್ರ್ಯಾಕ್ಟರ್ ಮ್ಯಾಲ ಕುಂತಾವನ ಆಯುಷ್ಯ ನಿನ್ನ ನಾಲಿಗಿ ಮ್ಯಾಲ ಅದೇನು? ಹೇಳು. ನನಗೂ ಒಮ್ಮಿ ಕೇಳಬೇಕು ಅನಸ್ತದ."

ಅವಳು ಕಣ್ಣು ಮುಚ್ಚಿ, ಮನದಲ್ಲೇ ಬಸವಣ್ಣನನ್ನು ನೆನೆದು, ಸಣ್ಣ ದನಿಯಲ್ಲಿ ಹೇಳಿದಳು. "ಸೂರ್ಯಕಾಂತ."

ಸಾಹೇಬರು ತಪ್ಪಿನ ವಿವರ ಬರೆಸಿ, ಸಾಕ್ಷಿಗಳ ಸಹಿ ಹಾಕಿಸಿ ಠಸ್ಸೆ ಒತ್ತಿದರು. ಸೂರ್ಯಕಾಂತ ಗೋಡೆಯ ಕಡೆ ಮುಖ ತಿರುಗಿಸಿ ಕಣ್ಣೊರೆಸಿಕೊಂಡ.

ಆಮೇಲಿನ ವರ್ಷಗಳು ಸುಖದವು. ಹಂಗಾಮಿನಲ್ಲಿ ಕಾರ್ಖಾನೆಯಿಂದ ಬಂದು, ಮೈತುಂಬ ಕಬ್ಬಿನ ಸಿಪ್ಪೆ ಅಂಟಿಸಿಕೊಂಡೇ ಒಲೆಯ ಮುಂದೆ ಕುಳಿತು ಅವನು ಗೋಗರೆಯುತ್ತಿದ್ದ. "ಇನ್ನೊಮ್ಮಿ ನನ್ನ ಹೆಸರು ಹೇಳು."

"ಸುಮ್ಕಿರ್ರಿ. ಅವತ್ತ ಹೇಳಿದ್ದಕ್ಕೇ ಎಷ್ಟು ಕಮ್ಮಿ ಆಗ್ಯದೋ ಏನೋ."

ಓಣಿಯಲ್ಲಿ ಯಾರೇ ಮನೆ ಕೊಳ್ಳಲಿ, ಈಗ ಅವಳನ್ನೇ ಕೇಳಲು ಬರುತ್ತಿದ್ದರು. ಬಾಂಡಿಗೆ ಮರುಳಾಗಬೇಡಿ, ಪಾಲುದಾರರೆಲ್ಲರ ಸಹಿ ನೋಡಿ ಎನ್ನುವುದಕ್ಕಿಂತ ಮುಂಚೆ ಅವಳು, "ಗಂಡನ ಹೆಸರು ಎಲ್ಲಾ ಕಾಗದದಾಗ ಒಂದೇ ಅದನೋ ನೋಡ್ಕೊಳ್ರಿ" ಅನ್ನುತ್ತಿದ್ದಳು.

ಎರಡು ಸಾವಿರದ ಆರರ ಚಳಿಗಾಲದಲ್ಲಿ ಸೂರ್ಯಕಾಂತ ಎದೆನೋವು ಅಂದ. ಹುಮನಾಬಾದಿನ ದವಾಖಾನೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಸೂಗಮ್ಮ ಎದೆ ಬಡಿದುಕೊಂಡು ಒಂದೇ ಮಾತು ಹೇಳುತ್ತಿದ್ದಳು: "ನಾನೇ ಹೆಸರು ಹಿಡಿದೆ, ನಾನೇ ಕಳಕೊಂಡೆ."

ಮಗಳ ಹೆಗಲ ಆಸರೆಯಲ್ಲಿ ಬಂದ ಸರ್ದಾರಬಿ ಅವಳ ತಲೆಯನ್ನು ಮಡಿಲಿಗೆ ಎಳೆದುಕೊಂಡಳು. "ನಾ ನಮ್ಮವರ ಹೆಸರು ಒಮ್ಮಿನೂ ಹಿಡಿಲಿಲ್ಲ ಬೇಟಿ. ಅವರು ಅಸ್ಗರಿ ಕೂಸಿದ್ದಾಗೇ ಹೋದ್ರು."

ಸೂಗಮ್ಮ ಅಳು ನಿಲ್ಲಿಸಿ ತಲೆಯೆತ್ತಿ ಮುದುಕಿಯ ಮುಖ ನೋಡಿದಳು.

ಕೆಲವು ತಿಂಗಳ ಮೇಲೆ ಚಿಟಗುಪ್ಪದಿಂದ, ಗಂಡನ ಜೊತೆ ಟ್ರ್ಯಾಕ್ಟರ್ ಹೊಡೆದಿದ್ದ ವೈಜಿನಾಥ ಎಂಬ ಹಳೆಯ ಗೆಳೆಯ ಮನೆ ಹುಡುಕಿಕೊಂಡು ಬಂದ. ಸಾವಿನ ಸುದ್ದಿ ಅವನಿಗೆ ಗೊತ್ತಿರಲಿಲ್ಲ.

"ಇದು ಯಾರ ಮನಿ ಅಕ್ಕ?"

ಮನೆ ಕಾಗದದ ಪ್ರಕಾರ ಸೂಗಮ್ಮನದು. ಅವಳು ಸೆರಗು ಬಾಯಿಗೆ ಒಯ್ಯಲಿಲ್ಲ.

"ಸೂರ್ಯಕಾಂತಂದ್ರಿ. ಸೂರ್ಯಕಾಂತ ಈಗಿಲ್ಲ. ಒಳಗ ಬರ್ರಿ."

ಬಂದವನಿಗೆ ನೀರು ತರಲು ಒಳಗೆ ಹೋದವಳು ಒಲೆಯ ಮುಂದಿನ ಖಾಲಿ ಜಾಗಕ್ಕೆ ಮುಖ ಮಾಡಿ ಅದೇ ಹೆಸರನ್ನು ಮತ್ತೆ ಹೇಳಿದಳು, ಮತ್ತೆ ಹೇಳಿದಳು. ಗಂಡ ಅಷ್ಟು ಸಲ ಕೇಳಿದಾಗ ಒಮ್ಮೆಯಾದರೂ ಹೇಳಬಾರದಿತ್ತೇ ಎಂದು ದುಃಖ ಉಕ್ಕಿ ಬಂತು.