ಅಕ್ಕನ ವಯಸ್ಸಿನಲ್ಲಿ ಏಳು ಕಳೆದರೆ

ಮರೋಳದ ಕನ್ನಡ ಶಾಲೆಯ ಸಂಗಯ್ಯ ಮಾಸ್ತರರು ಮೂರು ವರ್ಷದಿಂದ ಐವತ್ತೆರಡರಲ್ಲೇ ಬಿಡಾರ ಹೂಡಿದ್ದರು. ಕಾರಣವಿತ್ತು ಅನ್ನಿ. ಐವತ್ತೈದು ತುಂಬಿದವರನ್ನು ಸರಕಾರ ಮನೆಗೆ ಕಳಿಸುತ್ತಿತ್ತು. ಪೂರ್ತಿ ಪಿಂಚಣಿ ಬೇಕೆಂದರೆ ಮೂವತ್ತು ವರ್ಷದ ಚಾಕರಿ ಆಗಿರಬೇಕು. ಮಾಸ್ತರರದು ಇಪ್ಪತ್ತೇಳು ಆಗಿತ್ತು. ಪಾಪ, ಅಷ್ಟಕ್ಕಾಗಿ ಮನುಷ್ಯ ಮೂರು ವರ್ಷ ಸಣ್ಣವನಾದರೆ ಯಾರಪ್ಪನ ಗಂಟೇನು ಹೋಯಿತು?

ಆದರೆ ೧೯೧೧ರಲ್ಲಿ ತಪಾಸಣೆಗೆ ಬಂದ ಡೆಪ್ಯುಟಿ ಸಾಹೇಬರಿಗೆ ಸಂಶಯ ಬಂತು. "ನೀವು ಹುಟ್ಟಿದ್ದು ಕಂಡವರು ಯಾರರ ಇದ್ರ ಕರಸ್ರಿ" ಎಂದರು. ಮರುದಿನ ಅಮೀನಗಡದಿಂದ ಅಕ್ಕ ಗುರುಲಿಂಗವ್ವ ಚಕ್ಕಡಿಯಲ್ಲಿ ಬಂದಿಳಿದಳು. ಮಾಸ್ತರರು ಬಾಗಿಲಲ್ಲೇ ಪಾಠ ಹೇಳಿದರು:

"ಅಕ್ಕಾ, ನನಗ ಐವತ್ತೆರಡು. ಮರೀಬ್ಯಾಡ."

"ಅಷ್ಟೂ ನೆನಪಿರೂದಿಲ್ಲೇನೋ?"

ನೆನಪಿತ್ತು. ಹುಡುಗರೆಲ್ಲ ಕೂತಿದ್ದ ವರ್ಗದಲ್ಲೇ ವಿಚಾರಣೆ. "ನಮ್ಮ ತಮ್ಮಗ ಐವತ್ತೆರಡ್ರಿ" ಎಂದಳು ಗಟ್ಟಿಯಾಗಿ.

"ನಿಮಗ ಹೆಂಗ ಗೊತ್ತು?" ಎಂದರು ಸಾಹೇಬರು.

"ನನಗಿಂತ ಏಳು ವರ್ಷ ಸಣ್ಣಾಂವ್ರಿ. ಟೊಂಕದ ಮ್ಯಾಲ ಹೊತ್ತು ಬೆಳಸೇನಿ!"

"ಹಂಗಾರ ನಿಮಗೆಷ್ಟು?"

ಗುರುಲಿಂಗವ್ವ ಸೆರಗು ಸರಿಮಾಡಿಕೊಂಡಳು. "ನಲವತ್ತೈದು ಅನ್ರಿ."

ಸಾಹೇಬರ ಲೇಖಣಿ ನಿಂತಿತು. "ತಮ್ಮ ಅಕ್ಕನಕಿಂತ ಮೊದಲ ಹುಟ್ಟಿದನೇನು?"

"ನಂದು ಖರೆ ಐತ್ರಿ. ಅವಂದು ಅವನೇ ಹೇಳಿಕೊಟ್ಟದ್ದು."

ಅಯ್ಯೋ ಶಿವನೇ! ಸಾಹೇಬರು ನಗು ನುಂಗಿಕೊಂಡರು. "ಹಂಗಾರ ಮಾಸ್ತರಗ ಮೂವತ್ತೆಂಟು. ಹನ್ನೊಂದಕ್ಕ ನೌಕರಿ ಹಿಡಿದಾರ. ಇಪ್ಪತ್ತು ತುಂಬೂ ಮೊದಲಿನ ಚಾಕರಿ ಪಿಂಚಣಿಗೆ ಹಿಡಿಯೂದಿಲ್ಲ. ಒಂಬತ್ತು ವರ್ಷ ವಜಾ."

ಮಾಸ್ತರರು ದಡಕ್ಕನೆ ಮುಂದೆ ಬಂದರು. ಮೂರು ಗಳಿಸಲು ಹೋಗಿ ಒಂಬತ್ತು ಹೋಯಿತಲ್ಲ! "ಸುಳ್ರೀ ಸಾಹೇಬ್ರ! ಅಕ್ಕಗ ಅರವತ್ತೆರಡು! ಅದರಾಗ ಏಳು ಕಳದ್ರ..." ಎಂದವರು ನಾಲಿಗೆ ಕಚ್ಚಿಕೊಂಡರು.

ಕಳೆಯುವ ಲೆಕ್ಕ ಕಿವಿಗೆ ಬಿದ್ದ ಕೂಡಲೇ ಉತ್ತರ ಒದರಬೇಕೆಂದು ತಪಾಸಣೆಗಾಗಿ ತಿಂಗಳಿಂದ ಛಡಿ ಹಿಡಿದು ಕಲಿಸಿದವರು ಅವರೇ. ಇಡೀ ವರ್ಗ ಒಂದೇ ದನಿಯಲ್ಲಿ ಒದರಿತು: "ಐವತ್ತೈದು!"

"ಅರವತ್ತೆರಡಂತ! ಹಲ್ಲು ಉದುರಿಸ್ತೇನಿ ನಿನ್ನ!" ಎಂದು ಅಕ್ಕ ಎದ್ದೇಬಿಟ್ಟಳು.

ಸಾಹೇಬರು ಕೈ ಅಡ್ಡ ಹಿಡಿದರು. "ಏನ್ರಿ ಮಾಸ್ತರ, ಹುಡುಗರ ಲೆಕ್ಕ ಸರಿಯೋ ತಪ್ಪೋ?"

ತಪ್ಪು ಎಂದಿದ್ದರೆ ಇನ್ನೂ ಏನಾದರೂ ವಾದ ಹೂಡಬಹುದಿತ್ತು. ಹುಡುಗರು ಕಣ್ಣು ಅರಳಿಸಿ ಅವರನ್ನೇ ನೋಡುತ್ತಿದ್ದರು. ಇಪ್ಪತ್ತೇಳು ವರ್ಷದಲ್ಲಿ ಒಂದು ದಿನವೂ ಸರಿ ಲೆಕ್ಕವನ್ನು ತಪ್ಪೆಂದವರಲ್ಲ ಸಂಗಯ್ಯ ಮಾಸ್ತರರು.

"ಸರಿ ಐತ್ರಿ" ಎಂದು ಛಡಿಯನ್ನು ಮೇಜಿನ ಮೇಲಿಟ್ಟರು.