ಹಚ್ಚೆ ಕಂಡರೆ ಓಡುವ ಗಿರಾಕಿ

‘ಕೈತುಂಬ ಟ್ಯಾಟೂ, ಮೂಗಿಗೆ ಎರಡೂ ಕಡೆ ತೂತು. ನಿನ್ನ ನೋಡಿದ್ರ ಗಿರಾಕಿ ಓಡಿ ಹೋಗ್ತಾರಮ್ಮ’ ಎಂದು ಸಿಂಧನೂರಿನ ಸೀರೆ ಅಂಗಡಿಯೊಂದರ ಮ್ಯಾನೇಜರು ಕೆಲಸ ಕೇಳಿಕೊಂಡು ಬಂದಿದ್ದ ಬಳಗಾನೂರಿನ ಹುಡುಗಿಗೆ ನಮ್ಮೆದುರೇ ಹೇಳಿಬಿಟ್ಟರು. ಹೇಳುತ್ತಲೇ ನನ್ನ ದೊಡ್ಡವ್ವನ ಮುಂದೆ ಎಂಟನೆಯ ಇಳಕಲ್ ಸೀರೆ ಬಿಚ್ಚಿ ಹರಡಿದರು. ಅವರ ಎರಡೂ ಕಿವಿಗಳಲ್ಲಿ ಬಂಗಾರದ ಒಂಟಿಗಳು ಹೊಳೆಯುತ್ತಿದ್ದವು. ಅವು ತೂತಿಲ್ಲದೆಯೇ ನಿಂತಿದ್ದವೋ ಏನೋ.

ಪಾಮನಕಲ್ಲೂರಿನ ದೊಡ್ಡವ್ವ ಸೆರಗು ಸವರುತ್ತಿದ್ದ ತನ್ನ ಕೈಯನ್ನು ಹಾಗೇ ಮುಂದಕ್ಕೆ ಚಾಚಿದಳು. ಮೊಣಕೈವರೆಗೂ ಹಸಿರು ಹಚ್ಚೆ, ಮಣಿಕಟ್ಟಿನ ಮೇಲೊಂದು ಚೇಳು. ಅವಳ ಮೂಗಿನ ಎರಡೂ ಹೊಳ್ಳೆಗಳಲ್ಲಿ ಮೂಗುತಿ ಇರುವುದನ್ನು ಮ್ಯಾನೇಜರು ಆಗಷ್ಟೇ ಗಮನಿಸಿದಂತಿತ್ತು.

‘ನಾ ಮದಿವ್ಯಾಗಿ ಬಂದಾಗ, ಹಚ್ಚಿ ಇಲ್ಲದ ಕೈಲೆ ನೀರು ಕೊಟ್ರ ನಮ್ಮತ್ತಿ ಕುಡೀಲಿಲ್ಲ. ಅದಕ್ಕ ಹಾಕಿಸ್ಕೊಂಡೆ. ನೀ ನೋಡಿದ್ರ ಹಚ್ಚಿ ಕಂಡ್ರ ಗಿರಾಕಿ ಓಡ್ತಾರ ಅಂತೀಯಲ್ಲಪಾ. ಮತ್ತ ನಾ ಇಲ್ಲಿ ಯಾಕ ಕುಂತೀನಿ?’ ಎಂದವಳೇ ಎದ್ದಳು.

‘ಯವ್ವಾ, ನಿಮ್ಮದು ಸಂಪ್ರದಾಯ ರೀ’ ಎನ್ನುತ್ತ ಮ್ಯಾನೇಜರು ಬಾಗಿಲವರೆಗೂ ಹಿಂದೆಯೇ ಬಂದರು. ಅಲ್ಲಿ ಬಿದ್ದಿದ್ದ ಚಪ್ಪಲಿಗಳ ರಾಶಿಯಲ್ಲಿ ದೊಡ್ಡವ್ವನ ಜೋಡನ್ನು ಹುಡುಕಿ ಮುಂದಿಟ್ಟವಳು ಆ ಹುಡುಗಿಯೇ. ಅಷ್ಟು ಹೊತ್ತಿನಲ್ಲಿ ಆ ಅಂಗಡಿಯಲ್ಲಿ ಗಿರಾಕಿಯನ್ನು ಸರಿಯಾಗಿ ನೋಡಿಕೊಂಡವಳು ಅವಳೊಬ್ಬಳೇ.

‘ಸೇಲ್ಸ್‌ಗರ್ಲ್ ಬೇಕಾಗಿದ್ದಾರೆ’ ಎಂಬ ಚೀಟಿ ಮೊನ್ನೆಯೂ ಆ ಅಂಗಡಿಯ ಗಾಜಿನ ಮೇಲಿತ್ತು. ಹಚ್ಚೆ ಸಂಪ್ರದಾಯ ಅನ್ನಿಸಿಕೊಳ್ಳಲು ಮೈಮೇಲೆ ಎಷ್ಟು ವರ್ಷ ಇರಬೇಕು ಎಂಬುದನ್ನು ಮಾತ್ರ ಅದರಲ್ಲಿ ಬರೆದಿರಲಿಲ್ಲ.